ಬೇಕೆಂದವರಿಗೆ ನೇಮ

ಪೋಕೆಮಾನ್ ಎಂಬ ವಿಡಿಯೋ ಆಟದಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಕಾದಾಟಕ್ಕೆ ಬಿಡುತ್ತಾರೆ. ಸೋತು ಬಿದ್ದದ್ದು ಔಷಧ ಕೊಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಸಾವಿಲ್ಲದ ಮನೆಯ ಸಾಸಿವೆ ಅಲ್ಲಿ ಹೇರಳ! 2010ರಲ್ಲಿ ನಿಕ್ ಫ್ರಾಂಕೊ ಎಂಬಾತ ತನ್ನ ಚಿತ್ರಕಥೆಯಿಂದ ಬೇರೊಂದು ನೇಮ ಹಬ್ಬಿಸಿದ. ಬಿದ್ದದ್ದು ಸತ್ತಂತೆ, ಒಂದೊಂದು ಸೀಮೆಯಲ್ಲೂ ಮೊದಲು ಎದುರಾದದ್ದನ್ನಷ್ಟೇ ಹಿಡಿಯಬೇಕು. ಹಿಡಿದದ್ದಕ್ಕೆ ಹೆಸರಿಡುವ ರೂಢಿ ಆಮೇಲೆ ಸೇರಿತು. ಹೆಸರಿಟ್ಟ ಜೀವ ಹೋದಾಗ ಕರುಳು ಚುರ್ ಎನ್ನದೆ ಇದ್ದೀತೆ? ಇದಕ್ಕೆ ನಝ್‌ಲಾಕ್ ಎನ್ನುತ್ತಾರೆ.

ಅಭಿಮಾನಿಗಳೇ 9 ವರ್ಷ ದುಡಿದು 2016ರಲ್ಲಿ ಹೊರತಂದ ‘ಪೋಕೆಮಾನ್ ಯುರೇನಿಯಂ’ ಈ ನೇಮವನ್ನು ಆಟದೊಳಗೇ ಅಳವಡಿಸಿತು. ನನ್ನ ತಕರಾರು ಇಲ್ಲಿಯೇ. ನಮ್ಮ ಕುಪ್ಪೇಲೂರಿನಲ್ಲಿ ಚೌಕಾಬಾರಕ್ಕೆ ಕೂತಾಗ, ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂದು ನಾವೇ ಗೊತ್ತು ಮಾಡಿಕೊಳ್ಳುತ್ತೇವೆ. ಚಿಕ್ಕ ಮಗು ಕೂತರೆ ಸಡಿಲಿಸುತ್ತೇವೆ. ಯಂತ್ರಕ್ಕೆ ಆ ದಾಕ್ಷಿಣ್ಯವೆಲ್ಲಿ? ಅಡುಗೆಮನೆಗೆ ಬೀಗ ಜಡಿದು ಮಾಡಿಸಿದ ಉಪವಾಸ ಏಕಾದಶಿಯಾಗದು.

ಆದರೂ ಒಂದು ಮಾತಿಗೆ ಯುರೇನಿಯಂ ಅನ್ನು ಮೆಚ್ಚಲೇಬೇಕು. ಅದು ಈ ನೇಮವನ್ನು ಎಲ್ಲರ ಮೇಲೂ ಹೇರಲಿಲ್ಲ, ಬೇಕೆಂದವರಿಗಷ್ಟೇ ಕೊಟ್ಟಿತು. ನಮ್ಮ ಹೆಣ್ಣುಮಕ್ಕಳ ತಲೆಗೆ ಕಟ್ಟಿದ ನೇಮಗಳಲ್ಲಿ ಎಷ್ಟನ್ನು, ಬೇಕೇ ತಾಯಿ ಎಂದು ಕೇಳಿ ಕಟ್ಟಿದ್ದಾರೆ?