ದಾನಾರ್ಥವಾದ ಸೈಕಲ್ ಯಾತ್ರೆ

ಇಂಗ್ಲೆಂಡಿನ ನೈಋತ್ಯದ ತುದಿಯಾದ ಲ್ಯಾಂಡ್ಸ್ ಎಂಡಿನಿಂದ ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯ ಜಾನ್ ಓ ಗ್ರೋಟ್ಸ್‌ವರೆಗೆ ಸುಮಾರು 1,400 ಕಿಲೋಮೀಟರು ಸೈಕಲ್ ತುಳಿದು, ಆ ಶ್ರಮವನ್ನು ಮುಂದಿಟ್ಟು ಬಂಧುಮಿತ್ರರಿಂದಲೂ ಸಹೋದ್ಯೋಗಿಗಳಿಂದಲೂ ಹಣ ಕೂಡಿಸಿ, ಪರದೇಶದ ಅಂಗವಿಕಲ ಮಕ್ಕಳಿಗೆ ಕಳುಹಿಸುವ ಪದ್ಧತಿಯೊಂದು ಬ್ರಿಟನ್ನಿನ ಜನಜೀವನದಲ್ಲಿ ಬೇರೂರಿದೆ. ಮಗುವಿನ ಜ್ವರ ಬಿಡಲೆಂದು ತಾಯಿ ಉರುಳುಸೇವೆಯ ಹರಕೆ ಹೊರುವ ನಾಡಿನವರಾದ ನಮಗೆ, ಒಬ್ಬರ ಕಷ್ಟ ಇನ್ನೊಬ್ಬರ ಕ್ಷೇಮಕ್ಕೆ ಸಲ್ಲುತ್ತದೆಂಬ ಈ ನಂಬಿಕೆ ಅಪರಿಚಿತವೇನೂ ಅಲ್ಲ; ವ್ಯತ್ಯಾಸವಿಷ್ಟೇ, ಅಲ್ಲಿ ವರ ಕೊಡತಕ್ಕವನು ಚೆಕ್ಕು ಬರೆಯುವ ನೆರೆಯವನು.

ಕಷ್ಟವೇನೋ ನಿಜವಾದದ್ದೇ. ಕಾರ್ನ್‌ವಾಲ್, ಡೆವನ್ ಪ್ರಾಂತ್ಯಗಳ ಗಿಡ್ಡನೆಯ, ಆದರೆ ಕಡಿದಾದ ಏರುಗಳು ಮೊದಲ ದಿನಗಳಲ್ಲಿಯೇ ಸವಾರನ ಕಾಲು ಸೋಲಿಸುತ್ತವೆ. ಆದರೂ ಬಹುಮಂದಿ ದಕ್ಷಿಣದಿಂದ ಉತ್ತರಕ್ಕೇ ಹೊರಡುವುದು, ಆ ದ್ವೀಪದಲ್ಲಿ ಹೆಚ್ಚಾಗಿ ನೈಋತ್ಯದಿಂದ ಬೀಸುವ ಗಾಳಿ ತಮ್ಮ ಬೆನ್ನಿಗಿರಲೆಂಬ ಲೆಕ್ಕದಿಂದ. ತಪಸ್ಸಿನಲ್ಲಿಯೂ ಇಷ್ಟು ವ್ಯವಹಾರಜ್ಞಾನವಿದ್ದರೆ ಬಾಧಕವಿಲ್ಲ.

ನನ್ನ ಆಕ್ಷೇಪವಿರುವುದು ಬೇರೆ ಕಡೆ. ವಿದೇಶಗಳಲ್ಲಿ ನಡೆಸುವ ಕೆಲವು ಸವಾರಿಗಳಲ್ಲಿ, ಕೂಡಿಸಿದ ಹಣದ ಒಂದು ಭಾಗ ಸವಾರನ ಪ್ರಯಾಣ, ಊಟ, ವಸತಿಗಳಿಗೇ ವ್ಯಯವಾಗುತ್ತದೆ. ಇನ್ನು ಕರಪತ್ರಗಳಲ್ಲಿ ಸವಾರನ ಮೈಲಿಗಳ ಎಣಿಕೆ ವಿಸ್ತಾರವಾಗಿದ್ದು, ಮಗುವಿಗೆ ಮುಗುಳ್ನಗುವ ಭಾವಚಿತ್ರವೊಂದೇ ದಕ್ಕುತ್ತದೆ. ಆ ಮಗುವಿಗೆ ಬೇಕಾದುದೇನು? ಗಾಲಿಕುರ್ಚಿಯೆಂದೇ ಇಟ್ಟುಕೊಳ್ಳೋಣ. ಸೊಂಟದ ಅಗಲಕ್ಕೆ ಹೊಂದದ ಕುರ್ಚಿಯಲ್ಲಿ ಕೂತ ಮಗುವಿನ ಬೆನ್ನು ಒಂದು ಪಕ್ಕಕ್ಕೆ ವಾಲುತ್ತದೆ. ಸರಿಯಾದ ಮೆತ್ತೆಯಿಲ್ಲದಿದ್ದರೆ ಒತ್ತುಹುಣ್ಣು ಏಳುತ್ತದೆ. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಮುಂದಿನ ಪುಟ್ಟ ಚಕ್ರಗಳು ಹಳ್ಳಿಯ ಮರಳಿನಲ್ಲಿ ಹೂತುಹೋಗುತ್ತವೆ. ಮಗು ಬೆಳೆದಂತೆಲ್ಲ ಕುರ್ಚಿಯನ್ನೂ ಬದಲಾಯಿಸಬೇಕು. ಅಳತೆ, ತರಬೇತಿ, ದುರಸ್ತಿಗಳನ್ನು ಬಿಟ್ಟು ಕುರ್ಚಿಯನ್ನು ಮಾತ್ರ ಹಂಚುವುದು ಸಾಲದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲಿ ವಿಶದವಾಗಿ ತಿಳಿಸಿದೆ. ಇಷ್ಟನ್ನು ಹೇಳಲು ಕರಪತ್ರದಲ್ಲಿ ಸ್ಥಳವಿರುವುದಿಲ್ಲ.

ಈ ಪದ್ಧತಿಯನ್ನು ತಲೆಕೆಳಗು ಮಾಡಿದವನು ಘಾನಾ ದೇಶದ ಇಮ್ಯಾನುಯೆಲ್ ಒಫೋಸು ಯೆಬೋವಾ. ಒಂದು ಕಾಲು ಊನವಾಗಿ ಹುಟ್ಟಿ, ತಂದೆ ತೊರೆದುಹೋಗಲು ತಾಯಿಯ ಆಸರೆಯಲ್ಲಿ ಬೆಳೆದು, ಅಮೆರಿಕದ ಸಂಸ್ಥೆಯೊಂದಕ್ಕೆ ತಾನೇ ಪತ್ರ ಬರೆದು ಸೈಕಲ್ ತರಿಸಿಕೊಂಡ ಈತನು, ಒಂದೇ ಕಾಲಿನಿಂದ ತನ್ನ ದೇಶದಲ್ಲಿ ಸುಮಾರು 600 ಕಿಲೋಮೀಟರು ತುಳಿದು, ಅಂಗವಿಕಲನೆಂದರೆ ಭಿಕ್ಷುಕನೆಂಬ ಭಾವನೆಗೆ ಬೀದಿಬೀದಿಯಲ್ಲಿ ಉತ್ತರ ಕೊಟ್ಟನು. ಅವನನ್ನು ಕುರಿತು 2005ರಲ್ಲಿ ಬಂದ ‘ಇಮ್ಯಾನುಯೆಲ್ಸ್ ಗಿಫ್ಟ್’ ಎಂಬ ಸಾಕ್ಷ್ಯಚಿತ್ರ ಹೃದ್ಯವಾದುದೇ ಆದರೂ, ಅಮೆರಿಕದ ಶಸ್ತ್ರಚಿಕಿತ್ಸೆಗೂ ಕೃತಕ ಕಾಲಿಗೂ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಪ್ರಾಧಾನ್ಯ ಕೊಟ್ಟಿದೆಯೆಂದು ನನಗೆ ತೋರುತ್ತದೆ. ಅವನ ಮಹತ್ತ್ವವಿರುವುದು ಅದಕ್ಕೂ ಮೊದಲಿನ ಒಂಟಿಗಾಲಿನ ಸವಾರಿಯಲ್ಲಿ. ಚಿತ್ರ ಬಂದ ಮರುವರ್ಷ, ಎಂದರೆ 2006ರಲ್ಲಿ, ಘಾನಾದ ಸಂಸತ್ತು ಅಂಗವಿಕಲರ ಹಕ್ಕುಗಳ ಶಾಸನವನ್ನು ಅಂಗೀಕರಿಸಿತು. ಅದರ ಶ್ರೇಯಸ್ಸು ಒಬ್ಬನದೇ ಎನ್ನಲಾಗದು. ಆದರೆ ಸವಾರನು ಅನುಕಂಪವನ್ನು ಬೇಡದೆ ಹಕ್ಕನ್ನು ಕೇಳಿದಾಗ ಯಾತ್ರೆಯ ಅರ್ಥವೇ ಬೇರೆಯಾಗುತ್ತದೆ.

ಹಾಗೆಂದು ಬ್ರಿಟನ್ನಿನ ಸವಾರರು ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡಬೇಕೆಂದು ನಾನು ಹೇಳಲಾರೆ. ಅವರ ಹಣದಿಂದ ನಡೆಯುವ ಕೆಲಸ ಸಣ್ಣದಲ್ಲ. ಸವಾರನು ತನ್ನ ಖರ್ಚನ್ನು ತಾನೇ ಭರಿಸಲಿ. ಹಣ ಕೊಡುವವರು ಅವನು ಎಷ್ಟು ಮೈಲಿ ತುಳಿದನೆಂದು ಕೇಳುವ ಮುನ್ನ, ಕುರ್ಚಿಯ ಚಕ್ರ ಮುರಿದರೆ ಆ ಊರಿನಲ್ಲಿ ರಿಪೇರಿ ಮಾಡುವವರು ಯಾರಿದ್ದಾರೆಂದು ವಿಚಾರಿಸಲಿ.