ಬೀಗದ ಚಿತ್ರದ ಪಕ್ಕದ ವಾಕ್ಯ

ವಾಟ್ಸಾಪಿನಲ್ಲಿ ಹೊಸಬರ ಜೊತೆ ಮಾತು ಶುರುಮಾಡಿದಾಗಲೆಲ್ಲ ಮೇಲೊಂದು ಸಣ್ಣ ಪಟ್ಟಿ ಕಾಣುತ್ತದೆ, ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರ. ವರ್ಷಗಟ್ಟಲೆ ಅದನ್ನು ಓದದೆ ದಾಟಿದವನು ನಾನು. ಈಚೆಗೆ ಪದ್ಯ ಓದುವ ಹಾಗೆ ಪದಪದವಾಗಿ ಓದಬೇಕಾಗಿ ಬಂತು.

ಹಿರಿಯ ಕವಿಯೊಬ್ಬರ ಹೊಸ ಸಂಕಲನದ ಬಗ್ಗೆ ಗೆಳೆಯನಿಗೊಂದು ಸಂದೇಶ ಕಳಿಸಿದ್ದೆ: ಅರ್ಧ ಪುಸ್ತಕ ಅವರದೇ ಹಳೆಯ ಪದ್ಯಗಳ ನೆರಳು, ಬೆನ್ನುಡಿ ಬರೆದವರು ಒಳಪುಟ ತೆರೆದಂತಿಲ್ಲ ಎಂದು. ಮರುವಾರ ಪತ್ರಿಕೆಯೊಂದರ ವಿಮರ್ಶೆಯಲ್ಲಿ ಅದೇ ಮಾತನ್ನು 'ಕವಿ ತಮ್ಮ ಮೂಲ ನೆಲೆಗಳಿಗೆ ಮರಳಿದ್ದಾರೆ' ಎಂದು ಬರೆದೆ. ಅಷ್ಟರಲ್ಲಿ ನನ್ನ ಸಂದೇಶದ ಸ್ಕ್ರೀನ್‌ಶಾಟ್ ಒಂದೆರಡು ಸಾಹಿತ್ಯದ ಗುಂಪು ಸುತ್ತಿ ಕವಿಯನ್ನೇ ತಲುಪಿತ್ತು.

ಮೊದಲ ಸಿಟ್ಟು ವಾಟ್ಸಾಪಿನ ಮೇಲೆಯೇ ಬಂತು. ಹಾಗಾಗಿ ಆ ಪಟ್ಟಿಯ ವಾಕ್ಯಕ್ಕೆ ಹೋದೆ. ಈ ಮಾತುಕತೆಯ ಹೊರಗಿನ ಯಾರೂ, ವಾಟ್ಸಾಪ್ ಕೂಡ, ಓದಲಾರರು ಎಂಬ ಅರ್ಥದ ಮಾತು ಅಲ್ಲಿ ಹಿಂದೆ ಇತ್ತು. ಈಗಿನದರ ಧಾಟಿ ಬೇರೆ: ಮಾತುಕತೆಯಲ್ಲಿ ಇರುವವರು ಮಾತ್ರ ಓದಬಹುದು, ಕೇಳಬಹುದು, ಹಂಚಿಕೊಳ್ಳಬಹುದು. ಮೊದಲನೆಯದು ಕಂಪನಿ ತನ್ನ ಬಗ್ಗೆ ಕೊಟ್ಟ ಮಾತು. ಎರಡನೆಯದರಲ್ಲಿ ಕಂಪನಿಯ ಹೆಸರೇ ಇಲ್ಲ, ಕರ್ತೃಪದ ನಾವು. ಆ 'ಹಂಚಿಕೊಳ್ಳಬಹುದು' ಎಂಬ ಕ್ರಿಯಾಪದದೊಳಗೆ ನನ್ನ ಗೆಳೆಯ ಆರಾಮಾಗಿ ಕೂತಿದ್ದ.

ವಾಕ್ಯ ಸುಳ್ಳಲ್ಲ. 2016ರ ಏಪ್ರಿಲ್‌ನಿಂದ ವಾಟ್ಸಾಪಿನ ಎಲ್ಲ ಸಂದೇಶಗಳಿಗೂ ಎನ್‌ಕ್ರಿಪ್ಷನ್ ಇದೆ. ಕೀಲಿ ಇರುವುದು ಮಾತಾಡುವವರ ಫೋನುಗಳಲ್ಲಿ. ಕಂಪನಿಯ ಸರ್ವರ್ ಸಾಗಿಸುವುದು ಅಂಟಿಸಿದ ಲಕೋಟೆಯನ್ನು. ಆದರೆ ಹೇಳದೆ ಬಿಟ್ಟದ್ದನ್ನು ಹುಡುಕುವುದು ನಮ್ಮ ಕಸುಬು. ನಾವು ಎಷ್ಟು ಹೊತ್ತಿಗೆ ಬಳಸುತ್ತೇವೆ, ಯಾವ ಫೋನು, ಯಾವ ಗುಂಪು, ಇವೆಲ್ಲ ದಾಖಲಾಗುತ್ತವೆ ಎಂದು ಅದರ ಖಾಸಗಿತನದ ನೀತಿಯೇ ಹೇಳುತ್ತದೆ. ಬ್ಯಾಕಪ್‌ಗೂ ಬೀಗ ಹಾಕುವ ಸೌಲಭ್ಯ ಬಂದದ್ದು 2021ರಲ್ಲಿ, ಅದನ್ನೂ ನಾವೇ ಹುಡುಕಿ ಒತ್ತಬೇಕು. ಯಾರಾದರೂ ನಮ್ಮ ಮೇಲೆ ದೂರು ಕೊಟ್ಟರೆ ಅವರಿಗೆ ನಾವು ಕಳಿಸಿದ ಕೊನೆಯ ಐದು ಸಂದೇಶ ಕಂಪನಿಗೆ ಹೋಗುತ್ತವೆ. ಟೆಲಿಗ್ರಾಮ್‌ನ ಮಾಮೂಲಿ ಮಾತುಕತೆಗಂತೂ ಈ ಬಗೆಯ ಬೀಗವೇ ಇಲ್ಲ. 'ಸೀಕ್ರೆಟ್ ಚಾಟ್' ಎಂದು ಬೇರೆಯಾಗಿ ತೆರೆದರೆ ಮಾತ್ರ ಉಂಟು.

ಈ ನಿರೂಪಕನನ್ನು ನಂಬಬೇಕೋ ಬೇಡವೋ? 2021ರ ನೀತಿ ಬದಲಾವಣೆಯನ್ನು ಬಳಕೆದಾರರ ಮೇಲೆ ಹೇರಿದ್ದಕ್ಕೆ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213 ಕೋಟಿ ರೂಪಾಯಿ ದಂಡ ಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಸಂದೇಶವನ್ನು ಮೊದಲು ಕಳಿಸಿದವರನ್ನು ಗುರುತಿಸಿಕೊಡಿ ಎಂಬ ಸರ್ಕಾರದ ನಿಯಮದ ವಿರುದ್ಧ ದೆಹಲಿ ಹೈಕೋರ್ಟಿನಲ್ಲಿ, ಎನ್‌ಕ್ರಿಪ್ಷನ್ ಮುರಿಯಬೇಕೆಂದರೆ ನಾವು ಇಲ್ಲಿಂದ ಹೊರಡುತ್ತೇವೆ ಎಂದು ವಾಟ್ಸಾಪ್‌ನ ವಕೀಲರು ವಾದಿಸಿದ್ದರು. ಎರಡೂ ಒಂದೇ ಮನೆಯ ಕತೆ. (ಕಾಗದ ಒಡೆದು ನೋಡುವ ಚಪಲ ಸರ್ಕಾರಗಳಿಗೂ ಹೊಸದಲ್ಲ. 1986ರ ಅಂಚೆ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಉಳಿಸಿಕೊಂಡಿದ್ದರು. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಕಾರಣವಾದ ಅರ್ಜಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರದು.) ಲಕೋಟೆಯೊಳಗಿನ ಮಾತಿನ ಮಟ್ಟಿಗೆ ವಾಟ್ಸಾಪನ್ನು ನಾನು ನಂಬುತ್ತೇನೆ, ಗೆಳೆಯನಿಗಿಂತ ಹೆಚ್ಚಾಗಿ. ಲಕೋಟೆಯ ಹೊರಮೈಗೆ ನಂಬುವುದಿಲ್ಲ.

ಆದರೆ ನನ್ನನ್ನು ಕಾಡುತ್ತಿರುವುದು ಇದಕ್ಕಿಂತ ಹತ್ತಿರದ್ದು. ಕನ್ನಡದಲ್ಲಿ ನೇರ ವಿಮರ್ಶೆ ಈಗ ಬಹುಪಾಲು ಖಾಸಗಿ ಸಂದೇಶಗಳಲ್ಲೇ ನಡೆಯುತ್ತಿದೆ. ಅಚ್ಚಿನಲ್ಲಿ ಹಾರೈಕೆ, ಫೋನಿನಲ್ಲಿ ಅಭಿಪ್ರಾಯ. ಸ್ಕ್ರೀನ್‌ಶಾಟಿನ ಭಯದಲ್ಲಿ ಅಲ್ಲೂ ಹಾರೈಸತೊಡಗಿದರೆ ಪುಸ್ತಕದ ಬಗ್ಗೆ ನಿಜ ಆಡುವ ಜಾಗ ಯಾವುದು? ಆ ಘಟನೆಯಾದ ಮೇಲೆ ಸಂದೇಶಗಳು ಇಪ್ಪತ್ತನಾಲ್ಕು ಗಂಟೆಯಲ್ಲಿ ಮಾಯವಾಗುವಂತೆ ಮಾಡಿದ್ದೇನೆ. ಸ್ಕ್ರೀನ್‌ಶಾಟಿಗೆ ಎರಡು ಸೆಕೆಂಡು ಸಾಕು ಎಂದು ಗೊತ್ತಿದ್ದೂ.

ಕವಿ ಒಂದು ಸಂಜೆ ಫೋನ್ ಮಾಡಿದರು.

"ಆ ಮೆಸೇಜು ನೀವೇ ಬರೆದದ್ದೇನಪ್ಪಾ?"

"ಹೌದು ಸರ್."

"ಪತ್ರಿಕೆಯಲ್ಲಿ ಬಂತಲ್ಲ, ಅದು?"

ಅದನ್ನೂ ನಾನೇ ಬರೆದದ್ದು ಎನ್ನಲು ಸ್ವಲ್ಪ ಹೊತ್ತು ಬೇಕಾಯಿತು.