ಟವೆಲ್ಲಿನೊಳಗೆ ನನ್ನ ಕೈ ಇರಲಿಲ್ಲ

ಹೋದ ವರ್ಷ ನಮ್ಮ ಹಳೇ ಸ್ವಿಫ್ಟ್ ಕಾರು ಮಾರಿದೆ. 2014ರ ಮಾಡೆಲ್, ಪೆಟ್ರೋಲ್, 78 ಸಾವಿರ ಕಿಲೋಮೀಟರ್ ಓಡಿತ್ತು. ಕೊಂಡಿದ್ದು ಊರೂರಲ್ಲಿ ಶಾಖೆ ಇಟ್ಟುಕೊಂಡು, ಆ್ಯಪ್ ಮೂಲಕ ಹಳೇ ಕಾರು ಕೊಳ್ಳುವ ಒಂದು ಕಂಪನಿ. ಹೆಸರು ಹೇಳಲ್ಲ. ನನ್ನ ತಕರಾರು ಇರೋದು ಇಂಥ ಕಂಪನಿಗಳು ವ್ಯಾಪಾರ ಮಾಡುವ ರೀತಿಯ ಮೇಲೆ.

ಆಫೀಸಲ್ಲಿ ಯಾರಾದ್ರೂ "ಹೆಂಗಿತ್ತು ಮಗಾ ಎಕ್ಸ್‌ಪೀರಿಯನ್ಸು?" ಅಂತ ಕೇಳಿದ್ರೆ "ಸ್ಮೂತ್ ಆಗಿತ್ತು" ಅಂತಲೇ ಹೇಳ್ತಿದ್ದೆ. ಸುಳ್ಳಲ್ಲ. ಮನೆ ಬಾಗಿಲಿಗೆ ಬಂದ್ರು, ನೋಡಿದ್ರು, ಮೂರೇ ದಿನದಲ್ಲಿ ದುಡ್ಡು ಅಕೌಂಟಿಗೆ ಬಿತ್ತು. ನಾನು ಯಾರ ಹತ್ರಾನೂ ಒಂದು ಮಾತು ಚೌಕಾಸಿ ಮಾಡಲಿಲ್ಲ. ಅದನ್ನೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಆಮೇಲೆ ಊರಿಗೆ ಹೋದಾಗ ಅಪ್ಪ ಒಂದೇ ಪ್ರಶ್ನೆ ಕೇಳಿದ್ರು: "ಅಲ್ಲ ಕಣ್ಲಾ, ನಿನ್ ಗಾಡಿಗೆ ನೀನು ಒಂದ್ ರೇಟೂ ಹೇಳ್ನಿಲ್ವಾ?"

ನಮ್ಮದು ಕೆ.ಆರ್. ಪೇಟೆ ಕಡೆ. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೇಮಗಿರಿ ದನಗಳ ಜಾತ್ರೆಗೆ ಹೋಗ್ತಿದ್ದೆ. ಅಲ್ಲಿ ಎತ್ತಿನ ವ್ಯಾಪಾರ ಹೇಗೆ ನಡೀತಿತ್ತು ಅಂತ ನೋಡದವರಿಗೆ ಹೇಳಬೇಕು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡ್ತಾರೆ. ಸುಳಿ ಎಲ್ಲಿದೆ ನೋಡ್ತಾರೆ. ನಾಲ್ಕು ಹೆಜ್ಜೆ ನಡೆಸಿ ನೋಡ್ತಾರೆ. ಆಮೇಲೆ ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕ್ಕೊಂಡು, ಅದರ ಅಡಿಯಲ್ಲಿ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ರೇಟು ಹೇಳ್ತಾರೆ. ಇಷ್ಟು ಬೆರಳು ಅಂದ್ರೆ ಇಷ್ಟು ಸಾವಿರ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣ್ತದೆ, ಬೆಲೆ ಕಾಣಲ್ಲ. ಒಪ್ಪಿಗೆ ಆಯ್ತು ಅಂದ್ರೆ ದುಡ್ಡು ಎಣಿಸಿ ಮುಗೀತು. ಅಪ್ಪ ಎತ್ತಿನ ಕೊರಳಿನ ಹಳೇ ಹಗ್ಗ ಬಿಚ್ಚಿ ತನ್ನ ಹೆಗಲಿಗೆ ಹಾಕ್ಕೊಳ್ಳೋರು. ಕೊಂಡವನು ತನ್ನ ಹೊಸ ಹಗ್ಗ ಕಟ್ಟಿ ಹೊಡ್ಕೊಂಡು ಹೋಗೋನು.

ಜಾತ್ರೆ ಅಂದ್ರೆ ಸತ್ಯಯುಗ ಅಂತ ಹೇಳ್ತಿಲ್ಲ. ದಲ್ಲಾಳಿ ಎರಡೂ ಕಡೆ ತಿನ್ನೋನು. ಒಂದ್ಸಲ ಅಪ್ಪನೇ ಮೋಸ ಹೋಗಿ, ಎರಡು ಸಾಲು ಉಳೋದ್ರೊಳಗೆ ಮಲಗಿಬಿಡೋ ಎತ್ತು ತಂದಿದ್ರು. ಅಮ್ಮ ಆ ಕತೇನ ಇವತ್ತಿಗೂ ಬಿಟ್ಟಿಲ್ಲ. ಆದರೆ ಒಂದಂತೂ ನಿಜ. ಟವೆಲ್ಲಿನೊಳಗೆ ಇರ್ತಿದ್ದ ಎರಡು ಕೈಯಲ್ಲಿ ಒಂದು ಎತ್ತಿನ ಯಜಮಾನನದ್ದು.

ಈಗ ನನ್ನ ಕಾರಿನ ವ್ಯಾಪಾರ ನೋಡಿ.

ಆ್ಯಪ್‌ನಲ್ಲಿ ಕಾರಿನ ನಂಬರ್, ಮಾಡೆಲ್, ಎಷ್ಟು ಓಡಿದೆ ಎಲ್ಲ ಹಾಕಿದ ತಕ್ಷಣ ಒಂದು ಅಂದಾಜು ಬಂತು. 3.6 ಲಕ್ಷದಿಂದ 4.1 ಲಕ್ಷ. ಇದು ಬೆಲೆ ಅಲ್ಲ, ಗಾಳ. ಎರಡು ಅಂಕಿ ಕೊಟ್ರೆ ಮನುಷ್ಯ ಯಾವುದನ್ನ ಇಟ್ಕೊಳ್ತಾನೆ? ನಾನು 4.1 ಅಂತ ಹೆಂಡತಿಗೆ ಹೇಳಿ, ಅದರ ಮೇಲೇ ಹೊಸ ಕಾರಿನ ಡೌನ್ ಪೇಮೆಂಟ್ ಲೆಕ್ಕ ಹಾಕಿದ್ದೆ.

ಮಾರನೇ ದಿನ ಕಾರು ನೋಡೋಕೆ ಒಬ್ಬ ಹುಡುಗ ಬಂದ. ಅವನ ಮೇಲೆ ನನಗೆ ಒಂದು ದೂರೂ ಇಲ್ಲ. ಬಿಸಿಲಲ್ಲಿ ಮುಕ್ಕಾಲು ಗಂಟೆ ಕೆಲಸ ಮಾಡಿದ. ಪೇಂಟ್ ಎಷ್ಟು ಮೈಕ್ರಾನ್ ದಪ್ಪ ಇದೆ ಅಂತ ಮೀಟರ್ ಇಟ್ಟು ನೋಡಿದ. ಎಲ್ಲಾದ್ರೂ ಗುದ್ದಿಸಿ ಮತ್ತೆ ಪೇಂಟ್ ಹೊಡೆಸಿದ್ರೆ ಅಲ್ಲಿ ದಪ್ಪ ಜಾಸ್ತಿ ತೋರಿಸ್ತದೆ. ಬಾಗಿಲಿನ ರಬ್ಬರ್ ಎಳೆದು ಒಳಗಿನ ವೆಲ್ಡಿಂಗ್ ನೋಡಿದ, ಬಾನೆಟ್ ಬೋಲ್ಟಿನ ಮೇಲೆ ಸ್ಪ್ಯಾನರ್ ಗುರುತಿದೆಯಾ ನೋಡಿದ, ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ಇಂಜಿನ್ನಿನ ಎರರ್ ಕೋಡ್ ಓದಿದ, ಟೈರ್ ಎಷ್ಟು ಸವೆದಿದೆ ಅಂತ ಅಳೆದ. ಹೇಮಗಿರೀಲಿ ಹಲ್ಲು ನೋಡೋರ ಶ್ರದ್ಧೆಯೇ.

"ಬ್ರೋ, ಆರು ತಿಂಗಳ ಹಿಂದೆ ಕ್ಲಚ್ ಹೊಸದು ಹಾಕ್ಸಿದೀನಿ, ಬ್ಯಾಟರೀನೂ ಹೊಸದು, ಬಿಲ್ ಇದೆ" ಅಂದೆ.

"ಒಳ್ಳೇದು ಸರ್. ಆದ್ರೆ ಅದನ್ನ ಹಾಕೋಕೆ ಇದ್ರಲ್ಲಿ ಆಪ್ಷನ್ ಇಲ್ಲ" ಅಂದ.

ಸಾಫ್ಟ್‌ವೇರಿನವನಾದ ನನಗೆ ಅಲ್ಲೇ ಹೊಳೀಬೇಕಿತ್ತು. ಗೀರಿಗೆ ಕಾಲಂ ಇದೆ, ತುಕ್ಕಿಗೆ ಕಾಲಂ ಇದೆ, ಸೀಟಿನ ಕಲೆಗೂ ಕಾಲಂ ಇದೆ. ಚೆನ್ನಾಗಿ ಇಟ್ಕೊಂಡಿದ್ದಕ್ಕೆ ಕಾಲಂ ಇಲ್ಲ. ಫಾರಂನಲ್ಲಿ ಯಾವ ಕಾಲಂ ಇರಬೇಕು ಅಂತ ಬರೆದವನು ಅವತ್ತೇ ಅರ್ಧ ಬೆಲೆ ಕಟ್ಟಿಬಿಟ್ಟಿರ್ತಾನೆ. ಆ ಹುಡುಗ ಬರೀ ಅದನ್ನ ತುಂಬ್ತಾನೆ.

ಆ ರಿಪೋರ್ಟು, ಫೋಟೋ, ಇಂಜಿನ್ನಿನ ಸದ್ದಿನ ವಿಡಿಯೋ ಎಲ್ಲ ಡೀಲರುಗಳ ಮುಂದೆ ಹರಾಜಿಗೆ ಹೋಗ್ತದೆ. ಅವರವರ ಮೊಬೈಲಲ್ಲೇ ಕೂಗ್ತಾರೆ. ಸಂಜೆ ನನಗೆ ಫೋನ್ ಬಂತು. "ಸರ್, ಬೆಸ್ಟ್ ಪ್ರೈಸ್ 3.12." ಎಷ್ಟು ಜನ ಕೂಗಿದ್ರು? ಅತಿ ಹೆಚ್ಚು ಕೂಗಿದ್ದು ಎಷ್ಟು? ಅದರಲ್ಲಿ ಕಂಪನಿ ಇಟ್ಕೊಂಡಿದ್ದು ಎಷ್ಟು? ಕೇಳಿದೆ. "ಅದು ಸಿಸ್ಟಮ್ ಜನರೇಟೆಡ್ ಸರ್" ಅಂದ್ರು.

ಅಪ್ಪನ ಪ್ರಶ್ನೆ ಕೇಳಿದ ಮೇಲೆ ನನಗೆ ಅರ್ಥ ಆಗಿದ್ದು ಇದು. ಚೌಕಾಸಿ ಇಲ್ಲ ಅಂತ ಹೇಳ್ತಾರಲ್ಲ, ಚೌಕಾಸಿ ಎಲ್ಲೂ ಹೋಗಿಲ್ಲ. ಡೀಲರು ಡೀಲರಿನ ಜೊತೆ ಮಾಡ್ತಾನೆ, ಕಂಪನಿ ಡೀಲರಿನ ಜೊತೆ ಮಾಡ್ತದೆ. ಟವೆಲ್ ಇದೆ, ಬೆರಳುಗಳೂ ಇವೆ. ನನ್ನ ಎತ್ತು, ಆದರೆ ನಾನು ಮಾತ್ರ ಮುಖ ನೋಡ್ಕೊಂಡು ಸುತ್ತ ನಿಂತವರಲ್ಲಿ ಒಬ್ಬ.

ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರಿನ ಸಂತೆಯನ್ನೇ ಉದಾಹರಣೆ ಇಟ್ಟುಕೊಂಡು ಒಂದು ಲೇಖನ ಬರೆದ. 2001ರಲ್ಲಿ ಅವನಿಗೆ ಸಿಕ್ಕ ನೊಬೆಲ್ ಹಿಂದೆ ಇರೋದು ಅದೇ ವಿಚಾರ. ಮಾರೋನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎಲ್ಲ ಕಾರಿಗೂ ಕಮ್ಮಿ ರೇಟೇ ಹೇಳ್ತಾನೆ. ಒಳ್ಳೇ ಕಾರಿನವನು ಈ ರೇಟಿಗೆ ಯಾಕೆ ಮಾರಲಿ ಅಂತ ಮನೆಗೆ ಹೋಗ್ತಾನೆ. ಕೊನೆಗೆ ಸಂತೇಲಿ ಉಳಿಯೋದು ಕೆಟ್ಟ ಕಾರುಗಳೇ. ಇಂಥ ಕಂಪನಿಗಳು ಹುಟ್ಟಿದ್ದೇ ಈ ಕಾಯಿಲೆಗೆ ಮದ್ದಾಗಿ. ತಪಾಸಣೆ ಮಾಡ್ತಾರೆ, ವಾರಂಟಿ ಕೊಡ್ತಾರೆ, ಕೊಳ್ಳೋನಿಗೆ ಧೈರ್ಯ ಬರ್ತದೆ. ಅದು ನಿಜವಾದ ಸೇವೆ, ಒಪ್ತೀನಿ. ಆದರೆ ಮಾರೋನ ಕಡೆಯಿಂದ ನೋಡಿ. ಮುಕ್ಕಾಲು ಗಂಟೇಲಿ ನನ್ನ ಕಾರಿನ ಬಗ್ಗೆ ನನಗಿಂತ ಜಾಸ್ತಿ ಅವರಿಗೆ ಗೊತ್ತಾಯ್ತು. ಜೊತೆಗೆ ಇಡೀ ಮಾರ್ಕೆಟ್ಟಿನ ರೇಟೂ ಅವರಿಗೇ ಗೊತ್ತು. ಕತ್ತಲಲ್ಲಿ ಇರೋನು ಈಗ ನಾನು.

ಮುಂದೆ ಅವಸರ ಶುರುವಾಯ್ತು. "ಸರ್, ಈ ಆಫರ್ ಇವತ್ತು ರಾತ್ರಿವರೆಗೆ ಮಾತ್ರ." ಒಂದೇ ಸಂಜೆ ಮೂರು ಫೋನು. ಹೂಂ ಅಂದೆ. ಗಾಡಿ ಬಿಡೋಕೆ ಹೋದ ದಿನ ಮತ್ತೆ ಒಂದು ಸುತ್ತು ನೋಡಿ, ಹಿಂದಿನ ಬಂಪರ್ ರಿಪೇಂಟ್ ಆಗಿದೆ ಅಂತ ಹನ್ನೆರಡು ಸಾವಿರ ಇಳಿಸಿದ್ರು. ಅಷ್ಟು ಹೊತ್ತಿಗೆ ನಾನು ಡ್ಯಾಶ್‌ಬೋರ್ಡಿನ ಗಣಪತಿ ತೆಗೆದು ಜೇಬಿಗೆ ಹಾಕ್ಕೊಂಡಾಗಿತ್ತು. ಹೊಸ ಕಾರಿನ ಡೆಲಿವರಿಗೆ ದಿನ ಗೊತ್ತಾಗಿತ್ತು. ಅರ್ಧ ದಿನ ರಜೆ ಹಾಕಿ ಬಂದಿದ್ದೆ. ಬೇಡ ಅಂತ ಕಾರು ವಾಪಸ್ ತರೋ ಶಕ್ತಿ ಯಾರಿಗಿರ್ತದೆ? ಸುಸ್ತಾದವನ ಹತ್ರ ಚೌಕಾಸಿ ಮಾಡೋದೇ ಬೇಕಾಗಲ್ಲ.

ಜಿಎಸ್‌ಟಿ ಜಾಸ್ತಿ ಆಗಿದೆ ಸರ್, ಅದಕ್ಕೇ ರೇಟ್ ಬಿದ್ದಿದೆ ಅಂತಲೂ ಒಂದು ಮಾತು ಬಂತು. ಇದನ್ನ ತಿಳ್ಕೊಂಡಿರಿ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಹಳೇ ಕಾರಿನ ವ್ಯಾಪಾರಿಗಳಿಗೆ ಶೇಕಡಾ 18 ಅಂತ ಮಾಡಿದ್ದು ಹೌದು. ಆದರೆ ಅದು ವ್ಯಾಪಾರಿ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಲಾಭದ ಮೇಲೆ. ನಿಮ್ಮ ಕಾರಿನ ಪೂರ್ತಿ ಬೆಲೆ ಮೇಲಲ್ಲ. ನಾನು ನೀವು ನಮ್ಮ ಸ್ವಂತ ಕಾರು ಮಾರಿದ್ರೆ ಆ ತೆರಿಗೆ ನಮಗಿಲ್ಲ.

ಇಷ್ಟು ಬೈದ ಮೇಲೆ ಒಂದು ತಪ್ಪೊಪ್ಪಿಗೆ. ಮೊದಲನೇ ಕೆಲಸದಲ್ಲಿದ್ದಾಗ ಒಂದು ಶಾಪಿಂಗ್ ಆ್ಯಪ್‌ಗೆ "ಇನ್ನು ಹತ್ತೇ ನಿಮಿಷ" ಅನ್ನೋ ಟೈಮರ್ ಬರೆದವನು ನಾನೇ. ಪೇಜ್ ರಿಫ್ರೆಶ್ ಮಾಡಿದ್ರೆ ಮತ್ತೆ ಹತ್ತು ನಿಮಿಷದಿಂದ ಶುರುವಾಗ್ತಿತ್ತು. ಮೀಟಿಂಗಲ್ಲಿ ಚಪ್ಪಾಳೆ ಬಿತ್ತು. ಅದರ ಆಚೆ ತುದೀಲಿ ಕೂತವನಿಗೆ ಹೆಂಗಾಗ್ತದೆ ಅಂತ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು.

ಹಾಗಂತ ಇವರಿಗೆ ಮಾರಲೇಬೇಡಿ ಅಂತ ಹೇಳಲ್ಲ. ಸ್ವಂತವಾಗಿ ಮಾರೋಕೆ ಹೊರಟವರಿಗೆ ಅದರ ಗೋಳು ಗೊತ್ತು. ರಾತ್ರಿ ಹನ್ನೊಂದಕ್ಕೆ "ಲಾಸ್ಟ್ ಎಷ್ಟು ಸರ್" ಅನ್ನೋ ಫೋನು, ಟೆಸ್ಟ್ ಡ್ರೈವ್ ಅಂತ ಹೋದವನು ವಾಪಸ್ ಬರೋವರೆಗೂ ಎದೆ ಡವಡವ. ನಮ್ಮ ಟೀಮಿನ ಒಬ್ಬರು ಒಬ್ಬರೇ ಇರೋ ಹೆಣ್ಣುಮಗಳು. ಅಪರಿಚಿತರು ಮನೆಗೆ ಬರೋದು ಬೇಡ ಅಂತಲೇ ಕಂಪನಿಗೆ ಕೊಟ್ರು, ಇಪ್ಪತ್ತು ಸಾವಿರ ಕಮ್ಮಿ ಆದ್ರೂ ಪರವಾಗಿಲ್ಲ ಅಂದ್ರು. ನೆಮ್ಮದಿಗೂ ಒಂದು ಬೆಲೆ ಇದೆ, ಸರಿ. ಆ ಬೆಲೆ ಎಷ್ಟು ಅಂತ ಬಿಲ್ಲಲ್ಲಿ ಬರೀರಿ ಅನ್ನೋದಷ್ಟೇ ನನ್ನ ಮಾತು. ಬಂಪರ್, ಜಿಎಸ್‌ಟಿ, ಸಿಸ್ಟಮ್ ಅಂತ ಅದನ್ನ ಬಚ್ಚಿಡೋದು ಯಾಕೆ?

ದುಡ್ಡಿನ ವಿಷಯ ಇಷ್ಟೇ ಆಗಿದ್ರೆ ನಾನು ಇದನ್ನ ಬರೀತಾನೇ ಇರಲಿಲ್ಲ. ಹನ್ನೆರಡು ಸಾವಿರ ಮರೆತುಹೋಗ್ತದೆ. ಮರೆಯದ ಸಂಗತಿ ಮೂರು ತಿಂಗಳ ಮೇಲೆ ಬಂತು.

ಮೊಬೈಲಿಗೆ ಮೆಸೇಜು. ಓವರ್ ಸ್ಪೀಡಿಂಗ್, ದಂಡ ಕಟ್ಟಿ. ಗಾಡಿ ನಂಬರ್ ನನ್ನ ಹಳೇ ಸ್ವಿಫ್ಟಿನದ್ದು. ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿದ್ರೆ ಆರ್‌ಸಿ ಇನ್ನೂ ನನ್ನ ಹೆಸರಲ್ಲೇ. ಫಾಸ್ಟ್ಯಾಗ್ ಖಾತೆ ತೆಗೆದು ನೋಡಿದೆ, ಎರಡು ಟೋಲು ನನ್ನ ದುಡ್ಡಲ್ಲೇ ದಾಟಿತ್ತು. ಕಾಲ್ ಸೆಂಟರಿಗೆ ಫೋನ್ ಮಾಡಿದೆ. "ಪ್ರೋಸೆಸ್‌ನಲ್ಲಿದೆ ಸರ್."

ದಂಡ ಬಿಡಿ, ಕಟ್ಟಬಹುದು. ಅದೇ ಸ್ಪೀಡಲ್ಲಿ ಯಾರಿಗಾದ್ರೂ ಗುದ್ದಿದ್ರೆ? ಮೋಟಾರು ವಾಹನ ಕಾಯ್ದೆ ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕೇಸು ಬಂದಿತ್ತು. ಕಾರು ಹಲವು ಕೈ ಬದಲಾಗಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಇತ್ತು. ಅಪಘಾತದ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವನದ್ದೇ ಅಂತ ಕೋರ್ಟ್ ಹೇಳಿತು. ಕೋರ್ಟಿನ ಮಾತಲ್ಲೂ ನ್ಯಾಯ ಇದೆ. ಗಾಯ ಆದವನು ಯಾವ ಕೈಯಿಂದ ಯಾವ ಕೈಗೆ ಹೋಯ್ತು ಅಂತ ಹುಡುಕ್ಕೊಂಡು ಅಲೀಬೇಕಾ? ನನ್ನ ಇನ್ಶೂರೆನ್ಸ್ ಮುಗಿಯೋಕೆ ಆಗ ಎರಡು ತಿಂಗಳಿತ್ತು. ಅದು ಮುಗಿದ ಮೇಲೂ ಯಾರೂ ಹೊಸದು ಮಾಡಿಸದೆ ಗಾಡಿ ಓಡಿಸಿದ್ರೆ, ಯಾರೋ ಕಾಣದ ಮನುಷ್ಯನ ಕಾಲಿನ ಬೆಲೆ ನನ್ನ ಮನೆ ಬಾಗಿಲಿಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ತಪ್ಪು ನನ್ನದೂ ಇದೆ. ಗಾಡಿ ಬಿಟ್ಟ ದಿನ ಫಾರಂ 29, ಫಾರಂ 30 ಮುಂದೆ ಇಟ್ರು. ಕೊಳ್ಳೋರ ಹೆಸರಿನ ಜಾಗ ಖಾಲಿ. "ಅದು ಆಮೇಲೆ ಫಿಲ್ ಮಾಡ್ತೀವಿ ಸರ್." ಇಬ್ಬರು ರಿವ್ಯೂ ಮಾಡದೆ ಹತ್ತು ಸಾಲು ಕೋಡ್ ಬಿಡದ ನಾನು, ಖಾಲಿ ಫಾರಂಗೆ ಸೈನ್ ಹಾಕಿ ಬಂದೆ. ಆಮೇಲೆ ಮೇಲ್ ಮೇಲೆ ಮೇಲ್ ಹಾಕಿ, ಗಾಡಿ ಕೊಟ್ಟ ರಶೀದಿ ಹಿಡ್ಕೊಂಡು ಆರ್‌ಟಿಓ ಕಚೇರಿಗೆ ಅರ್ಜಿ ಕೊಟ್ಟು, ಹೆಸರು ಬದಲಾಗೋ ಹೊತ್ತಿಗೆ ಮಾರಿ ಐದು ತಿಂಗಳು.

ಸಿಟ್ಟು ಬರೋದು ಎಲ್ಲಿ ಗೊತ್ತಾ? ಇದಕ್ಕೆ ದಾರಿ ಆಗಲೇ ಇದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮ ತಂದು, 2023ರ ಏಪ್ರಿಲ್ 1ರಿಂದ ಜಾರಿ ಮಾಡಿದೆ. ಹಳೇ ಗಾಡಿ ಕೊಳ್ಳುವ ಡೀಲರು ಆರ್‌ಟಿಓ ಕಡೆಯಿಂದ ಅಧಿಕೃತ ಅಂತ ಪ್ರಮಾಣಪತ್ರ ತಗೋಬೇಕು. ಗಾಡಿ ಅವರ ಕೈಗೆ ಕೊಡುವಾಗ ಇಬ್ಬರೂ ಸೇರಿ ಪೋರ್ಟಲ್‌ನಲ್ಲಿ ಫಾರಂ 29ಸಿ ಹಾಕಿದ್ರೆ, ಅಲ್ಲಿಂದ ಮುಂದೆ ಆ ಡೀಲರನ್ನೇ ಮಾಲೀಕ ಅಂತ ಪರಿಗಣಿಸ್ತಾರೆ. ದಂಡ, ಅಪಘಾತ, ಹೊಣೆ ಎಲ್ಲ ಅವರದ್ದು. ಹರಾಜು ನಿಮಿಷದಲ್ಲಿ ಮುಗಿಸೋರಿಗೆ, ಪೇಂಟಿನ ಮೈಕ್ರಾನ್ ಅಳೆಯೋರಿಗೆ, ಈ ಒಂದು ಫಾರಂ ಮಾತ್ರ ಯಾಕೆ ಕಷ್ಟ? ಕಾರಿನ ಲಾಭ ಬೇಕು, ಹೊಣೆ ಇನ್ನೊಂದಿಷ್ಟು ದಿನ ನಮ್ಮ ಹೆಸರಲ್ಲೇ ಇರಲಿ. ಇದಕ್ಕಿಂತ ಬೇರೆ ಉತ್ತರ ನನಗೆ ಕಾಣ್ತಿಲ್ಲ.

ಹಾಗಾಗಿ ಮಾರೋ ಮುಂಚೆ ಕೇಳಿ: ನಿಮ್ಮ ಅಧಿಕೃತ ಡೀಲರ್ ಪ್ರಮಾಣಪತ್ರ ತೋರಿಸಿ, 29ಸಿ ಈಗಲೇ ಹಾಕೋಣ. ಕೀ ಕೊಟ್ಟ ದಿನಾಂಕ, ಗಂಟೆ ಬರೆದ ರಶೀದಿ ತಗೊಳ್ಳಿ. ಫಾಸ್ಟ್ಯಾಗ್ ಅವತ್ತೇ ಮುಚ್ಚಿಸಿ. ಇನ್ಶೂರೆನ್ಸಿನ ನೋ ಕ್ಲೈಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಐದು ವರ್ಷ ಕ್ಲೈಮ್ ಮಾಡದೆ ಇದ್ರೆ ಶೇಕಡಾ 50ರವರೆಗೂ ಬಂದಿರ್ತದೆ. ಅದರ ಪತ್ರ ಕೇಳಿ ಪಡೆದು ಹೊಸ ಕಾರಿಗೆ ಹಾಕ್ಕೊಳ್ಳಿ. ಖಾಲಿ ಫಾರಂಗೆ ಮಾತ್ರ ಸೈನ್ ಹಾಕಬೇಡಿ. ಇವತ್ತು ರಾತ್ರಿವರೆಗೆ ಮಾತ್ರ ಅಂದ್ರೆ, ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ ಅನ್ನಿ. ಮಾಡೋ ಅಗತ್ಯ ಇರಲ್ಲ, ಅವರೇ ಮಾಡ್ತಾರೆ.

ಇದೆಲ್ಲ ಅಪ್ಪನಿಗೆ ಹೇಳ್ತಾ, ಜಾತ್ರೇಲಿ ಎತ್ತು ಮಾರಿ ಹಗ್ಗ ಮಾತ್ರ ಯಾಕಪ್ಪಾ ಬಿಚ್ಕೊಂಡು ಬರ್ತಿದ್ರಿ, ನಾಲ್ಕಾಣೆ ಹಗ್ಗಕ್ಕೂ ಜಿಪುಣತನವಾ ಅಂತ ಕೇಳಿದೆ.

"ಮಾರ್‌ದ್ಮೇಲೆ ಅದು ಅವ್ರ ದನ. ಅದ್ರ ಕೊಳ್ಳಲ್ಲಿ ನಮ್ ಹಗ್ಗ ಯಾಕ್ಲಾ ಇರ್ಬೇಕು?" ಅಂದ್ರು.